ವೀಳ್ಯದೆಲೆ ಅರೆಯದ ಗುದ್ದು

ಮೈಸೂರಿನ ಹಳೆಯ ಗರಡಿಯೊಂದರಲ್ಲಿ ಒಬ್ಬ ಹುಡುಗ ಬಲತೋಳಿಗೆ ತಾಯಿತ ಬಿಗಿದುಕೊಂಡು ಮರಳು ಚೀಲಕ್ಕೆ ಗುದ್ದುತ್ತಿದ್ದ. ಅವನ ತೋಳು ನನ್ನ ತೊಡೆಯಷ್ಟಿತ್ತು. ಚೀಲ ಮಾತ್ರ ತೂಕಡಿಸುವ ಅಜ್ಜನಂತೆ ಕೊಂಚ ತಲೆಯಾಡಿಸಿ ಸುಮ್ಮನಾಗುತ್ತಿತ್ತು. ಉಸ್ತಾದರು ಬಾಯಿಗೆ ಹಾಕಿಕೊಳ್ಳಬೇಕಿದ್ದ ವೀಳ್ಯದೆಲೆಯನ್ನು ಅವನ ಹಿಂಗಾಲಿನ ಬೆರಳುಗಳ ಅಡಿಗೆ ತಳ್ಳಿ, "ಈಗ ಹೊಡಿ, ಎಲೆ ಅರೆದುಹೋಗಬೇಕು" ಎಂದರು. ಹತ್ತು ಗುದ್ದಾದರೂ ಎಲೆಗೆ ಏನೂ ಆಗಲಿಲ್ಲ.

ನನಗೆ ಸ್ಯಾಮ್ ಲ್ಯಾಂಗ್‌ಫರ್ಡ್ ನೆನಪಾದ. ಕೆನಡಾದ ನೋವಾ ಸ್ಕೋಷಿಯಾದ ಕಪ್ಪು ಬಾಕ್ಸರ್, ಎತ್ತರ ಐದೂವರೆ ಅಡಿಗಿಂತ ತುಸು ಹೆಚ್ಚು. ಎತ್ತರಕ್ಕೆ ಹೋಲಿಸಿದರೆ ತೋಳು ಉದ್ದವೇ ಇತ್ತು, ಒಪ್ಪುತ್ತೇನೆ. ಆದರೆ ತನಗಿಂತ ತಲೆ ಎತ್ತರದ ಹೆವಿವೇಟ್‌ಗಳನ್ನು, ಅಂದರೆ ಅತಿ ಭಾರದ ವರ್ಗದ ಬಾಕ್ಸರ್‌ಗಳನ್ನು, ಅವನು ಮಲಗಿಸಿದ್ದು ತೋಳಿನಿಂದಲ್ಲ.

ಗುದ್ದು ತೋಳಿನಲ್ಲಿ ಹುಟ್ಟುತ್ತದೆ ಎಂಬುದು ಸಿನಿಮಾ ಪೋಸ್ಟರ್‌ಗಳು ಹಬ್ಬಿಸಿದ ಸುಳ್ಳು. ಮುಷ್ಟಿಯ ತೂಕ ಅರ್ಧ ಕೆಜಿಯ ಆಸುಪಾಸು. ಒಲಿಂಪಿಕ್ ಬಾಕ್ಸರ್‌ಗಳ ಗುದ್ದನ್ನು ಅಳೆದು ನೋಡಿದಾಗ, ಅದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು, ಸುಮಾರು 3 ಕೆಜಿಯ ವಸ್ತುವಿನಂತೆ ಬಡಿಯುತ್ತಿತ್ತು. ಮಿಕ್ಕ ತೂಕ ಹಿಂದಿನಿಂದ ಬಂದದ್ದು. ಕಾಲು ನೆಲವನ್ನು ಒತ್ತುತ್ತದೆ, ನೆಲ ತಿರುಗಿ ಒತ್ತುತ್ತದೆ. ಆ ಒತ್ತು ತೊಡೆ, ಸೊಂಟ, ಬೆನ್ನು, ಭುಜಗಳನ್ನು ಹತ್ತಿ ಕೊನೆಗೆ ಮುಷ್ಟಿ ತಲುಪುತ್ತದೆ. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವವರನ್ನು ನೋಡಿ: ಸೀರೆ ಕಲ್ಲಿಗೆ ಬಡಿಯುವ ಮೊದಲೇ ಸೊಂಟ ತಿರುಗಿರುತ್ತದೆ. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಬಡಕಲು ಮುದುಕ ದಿನವಿಡೀ ಕಬ್ಬು ಕಡಿಯುವುದೂ ತೋಳಿನ ಬಲದಿಂದಲ್ಲ. ಇನ್ನೊಂದು ಗುಟ್ಟಿದೆ. ಮುಷ್ಟಿ ಸಾಗುವಾಗ ತೋಳು ಸಡಿಲವಾಗಿರಬೇಕು. ಮೊದಲೇ ಬಿಗಿದರೆ ಒಂದು ಸ್ನಾಯು ಇನ್ನೊಂದನ್ನು ಹಿಡಿದೆಳೆಯುತ್ತದೆ, ಬ್ರೇಕ್ ಒತ್ತಿಕೊಂಡು ಆಕ್ಸಿಲರೇಟರ್ ತುಳಿದ ಹಾಗೆ. ತಾಗುವ ಕ್ಷಣಕ್ಕೆ ಮಾತ್ರ ಮಣಿಕಟ್ಟು, ಮೊಣಕೈ, ಭುಜ ಒಟ್ಟಿಗೆ ಬಿಗಿಯಬೇಕು. ಕಾವು ಅಲ್ಲಾಡುವ ಸುತ್ತಿಗೆಯಿಂದ ಮೊಳೆ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಇಷ್ಟಿದ್ದೂ ಲ್ಯಾಂಗ್‌ಫರ್ಡ್‌ಗೆ ವಿಶ್ವ ಪಟ್ಟ ಸಿಗಲಿಲ್ಲ. 1906ರಲ್ಲಿ ತನಗಿಂತ ಹತ್ತು ಕೆಜಿಗೂ ಹೆಚ್ಚು ತೂಗುತ್ತಿದ್ದ ಜ್ಯಾಕ್ ಜಾನ್ಸನ್ ಎದುರು 15 ಸುತ್ತು ನಿಂತು ಸೋತ. 1908ರಲ್ಲಿ ಜಾನ್ಸನ್ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ. ಆಮೇಲೆ ಲ್ಯಾಂಗ್‌ಫರ್ಡ್‌ನನ್ನು ಮತ್ತೆ ಕಣಕ್ಕೆ ಕರೆಯಲೇ ಇಲ್ಲ. ಬಿಳಿಯ ಹೆವಿವೇಟ್ ಚಾಂಪಿಯನ್ನರು ಹೇಗೂ ಕರೆಯುತ್ತಿರಲಿಲ್ಲ. ಜಾನ್ಸನ್ ಪಟ್ಟ ಕಳೆದುಕೊಂಡದ್ದು 1915ರಲ್ಲಿ. ಅದಾದ ಮೇಲೆ ಇನ್ನೊಬ್ಬ ಕಪ್ಪು ಬಾಕ್ಸರ್‌ಗೆ ಆ ಪಟ್ಟಕ್ಕೆ ಸೆಣಸುವ ಅವಕಾಶ ಸಿಕ್ಕಿದ್ದು 1937ರಲ್ಲಿ, ಜೋ ಲೂಯಿಸ್‌ಗೆ. ಹೀಗಾಗಿ ಅವಕಾಶ ಸಿಗದ ಕಪ್ಪು ಬಾಕ್ಸರ್‌ಗಳು ತಮ್ಮತಮ್ಮಲ್ಲೇ ಮತ್ತೆ ಮತ್ತೆ ಹೊಡೆದಾಡಿದರು. ಹ್ಯಾರಿ ವಿಲ್ಸ್ ಒಬ್ಬನ ಜೊತೆಗೇ ಲ್ಯಾಂಗ್‌ಫರ್ಡ್ ಹದಿನೈದಕ್ಕೂ ಹೆಚ್ಚು ಬಾರಿ ಸೆಣಸಿದ. ಚಾಂಪಿಯನ್ನರ ಪಟ್ಟಿ ಹಿಡಿದು ಬಾಕ್ಸರನನ್ನು ಅಳೆಯುವವರು ಈ ಲೆಕ್ಕವನ್ನು ಎಲ್ಲಿ ಬರೆಯುತ್ತಾರೋ ನನಗಂತೂ ತಿಳಿಯದು.

ನಮ್ಮ ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಬೋಳಿಸಿದ ತಲೆಯಿಂದ ರಕ್ತದ ಮೊದಲ ಹನಿ ಕಂಡೊಡನೆ ಜೆಟ್ಟಿಗಳನ್ನು ಬಿಡಿಸುತ್ತಾರೆ. ಲ್ಯಾಂಗ್‌ಫರ್ಡ್‌ಗೆ ಆ ದಯೆ ಇರಲಿಲ್ಲ. ಕಣ್ಣಿಗೆ ಪೆಟ್ಟು ಬಿದ್ದಾಗ ಗುಡ್ಡೆ ಅಮುಕಿ ಹಿಗ್ಗುತ್ತದೆ, ಒಳಗಿನ ಲೋಳೆ ಕಣ್ಣಿನ ಹಿಂಬದಿಯ ತೆಳು ಪರದೆಯಾದ ಅಕ್ಷಿಪಟವನ್ನು ಜಗ್ಗುತ್ತದೆ; ಗೋಡೆಗೆ ಅಂಟಿಸಿದ ಕಾಗದ ತೇವಕ್ಕೆ ಏಳುವಂತೆ ಅದು ಕಳಚಿಕೊಳ್ಳಲೂಬಹುದು. ಬಾಕ್ಸಿಂಗ್ ಅವನ ದೃಷ್ಟಿಯನ್ನು ಮೆಲ್ಲಗೆ ತಿಂದಿತು. ದೃಷ್ಟಿ ಬಹುಪಾಲು ಹೋಗಿದ್ದ 1922ರಲ್ಲಿ ಅವನು ಟೈಗರ್ ಫ್ಲವರ್ಸ್‌ನನ್ನು ಎರಡನೆಯ ಸುತ್ತಿನಲ್ಲೇ ಕೆಡವಿದ. ಅದೇ ಫ್ಲವರ್ಸ್ 1926ರಲ್ಲಿ ಮಿಡಲ್‌ವೇಟ್ ವಿಶ್ವ ಚಾಂಪಿಯನ್ ಆದ. ಲ್ಯಾಂಗ್‌ಫರ್ಡ್ ಮಾತ್ರ 1944ರಲ್ಲಿ ಪತ್ರಕರ್ತನೊಬ್ಬನ ಕಣ್ಣಿಗೆ ಬಿದ್ದಾಗ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕುರುಡನಾಗಿ, ಕೈಯಲ್ಲಿ ಕಾಸಿಲ್ಲದೆ ಬದುಕುತ್ತಿದ್ದ.

ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆ. ಅವನು ಬೆವರು ಒರೆಸಿಕೊಳ್ಳುತ್ತಾ ಶ್ರದ್ಧೆಯಿಂದಲೇ ಕೇಳಿಸಿಕೊಂಡ. ಆಮೇಲೆ ಕೇಳಿದ: "ಅವರು ತಾಯಿತ ಯಾವ ತೋಳಿಗೆ ಕಟ್ಟಿಕೊಂಡಿದ್ದರು ಸಾರ್?"