ಮೊದಲು ತೂಕ, ಆಮೇಲೆ ಮೋಟಾರು: ಮನೆಯಲ್ಲೇ ಕಟ್ಟುವ ಆರ್‌ಸಿ ವಿಮಾನದ ಲೆಕ್ಕ

ಮನೆಯಲ್ಲೇ ಆರ್‌ಸಿ ವಿಮಾನ, ಅಂದರೆ ರೇಡಿಯೋದಿಂದ ನಿಯಂತ್ರಿಸುವ ಪುಟ್ಟ ವಿಮಾನ, ಕಟ್ಟಲು ಹೊರಟವರು ಮೊದಲು ಕೇಳುವುದು ಇದನ್ನೇ: ಯಾವ ಮೋಟಾರು ತಗೊಳ್ಳಲಿ? ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಅಥವಾ ಆನ್‌ಲೈನಿನಲ್ಲಿ ಹುಡುಕಿ, 1000 ಕೆವಿ, 1400 ಕೆವಿ, 2200 ಕೆವಿ (ಇದು ಕಿಲೋವೋಲ್ಟ್ ಅಲ್ಲ, ಅರ್ಥ ಮುಂದೆ ಬರುತ್ತದೆ) ಅಂತ ನೋಡಲು ಒಂದೇ ಥರ ಇರುವ ಮೋಟಾರುಗಳು ಸಾಲಾಗಿ ಸಿಗುತ್ತವೆ. ನಂಬರ್ ದೊಡ್ಡದಿದ್ದರೆ ಶಕ್ತಿ ಜಾಸ್ತಿ ಇರುತ್ತದೆ ಅಂದುಕೊಂಡು ಎಷ್ಟೋ ಜನ 2200 ಕೆವಿ ಮೋಟಾರು ತರುತ್ತಾರೆ, ಅದಕ್ಕೆ ಅಂಗಡಿಯಲ್ಲಿದ್ದ ದೊಡ್ಡ ಪ್ರೊಪೆಲ್ಲರ್ ಹಾಕುತ್ತಾರೆ, ವಿಮಾನ ನೆಲ ಬಿಡುವ ಮೊದಲೇ ಏನೋ ಒಂದು ಸುಟ್ಟ ವಾಸನೆ ಬರುತ್ತದೆ.

ಮೋಟಾರಿನಿಂದ ಶುರು ಮಾಡಬೇಡಿ. ವಿಮಾನದ ತೂಕದಿಂದ ಶುರು ಮಾಡಿ. ತೂಕ ಗೊತ್ತಾದರೆ ಎಷ್ಟು ವ್ಯಾಟ್ ಬೇಕು ಅಂತ ಗೊತ್ತಾಗುತ್ತದೆ. ಅದರಿಂದ ಪ್ರೊಪೆಲ್ಲರ್, ಪ್ರೊಪೆಲ್ಲರ್‌ನಿಂದ ಮೋಟಾರು, ಮೋಟಾರಿನಿಂದ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಮತ್ತು ಬ್ಯಾಟರಿ. ಈ ಕ್ರಮದಲ್ಲಿ ಹೋದರೆ ಲೆಕ್ಕ ಹೈಸ್ಕೂಲ್ ಗಣಿತ ದಾಟುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುದಿಯಿಂದ ತುದಿಗೆ 1.2 ಮೀಟರ್, ಮುಂದಿನಿಂದ ಹಿಂದಕ್ಕೆ 20 ಸೆಂಟಿಮೀಟರ್ ರೆಕ್ಕೆ ಇರುವ, ಫೋಮ್ ಶೀಟಿನಲ್ಲಿ ಕಟ್ಟಿದ ಹೈ ವಿಂಗ್ ಟ್ರೇನರ್, ಅಂದರೆ ರೆಕ್ಕೆ ಮೈಯ ಮೇಲ್ಭಾಗದಲ್ಲಿರುವ ಕಲಿಕೆಯ ವಿಮಾನ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಫೋಮ್, ಅಂಟು, ಟೇಪ್ ಎಲ್ಲ ಸೇರಿ 350 ಗ್ರಾಂ ಅಂತ ಇಡಿ. ಮೋಟಾರು ಪ್ರೊಪೆಲ್ಲರ್ 70, ಇಎಸ್‌ಸಿ 25, ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಸಣ್ಣ ಸರ್ವೋ ನಾಲ್ಕಕ್ಕೆ 40, ರಿಸೀವರ್ 15, ಬ್ಯಾಟರಿ 180, ಚಕ್ರ, ತಂತಿ, ಪುಶ್‌ರಾಡ್ (ಸರ್ವೋದಿಂದ ಆ ಪಟ್ಟಿಗಳಿಗೆ ಹೋಗುವ ಕಡ್ಡಿ) ಎಲ್ಲ ಸೇರಿ 100. ಒಟ್ಟು 780, ಅಂದರೆ 800 ಗ್ರಾಂ ಹತ್ತಿರ. ಬ್ಯಾಟರಿಯ ಪಾಲು ನೋಡಿ, ಒಂದೇ ವಸ್ತು ಒಟ್ಟು ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಅದಕ್ಕೇ "ಇನ್ನೂ ಸ್ವಲ್ಪ ದೊಡ್ಡ ಬ್ಯಾಟರಿ ಹಾಕೋಣ" ಅನ್ನುವುದು ಅಷ್ಟು ಸುಲಭದ ಮಾತಲ್ಲ.

ಈಗ ಶಕ್ತಿ. ಹವ್ಯಾಸಿಗಳು ಬಹಳ ಕಾಲದಿಂದ ಬಳಸುವ ಅಂದಾಜಿನ ಪ್ರಕಾರ ಮೆಲ್ಲಗೆ ಹಾರುವ ಟ್ರೇನರ್‌ಗೆ ಕಿಲೋಗೆ 150ರಿಂದ 200 ವ್ಯಾಟ್ ಸಾಕು. ನಮ್ಮ 800 ಗ್ರಾಂ ವಿಮಾನಕ್ಕೆ 120ರಿಂದ 160 ವ್ಯಾಟ್ ಆಯ್ತು. ಇದು ಬ್ಯಾಟರಿಯಿಂದ ಹೊರಡುವ ಶಕ್ತಿ. ಅದರಲ್ಲಿ ಒಂದಷ್ಟು ಮೋಟಾರಿನಲ್ಲಿ ಬಿಸಿಯಾಗಿ ಹೋಗುತ್ತದೆ, ಇನ್ನೊಂದಷ್ಟು ಗಾಳಿಯನ್ನು ಸುಮ್ನೆ ತಿರುಗಿಸುವುದರಲ್ಲಿ ಖರ್ಚಾಗುತ್ತದೆ. ಉಳಿದದ್ದು ವಿಮಾನವನ್ನು ಎಳೆಯುತ್ತದೆ.

ಹಾಗೆ ಎಳೆಯುವುದು ಪ್ರೊಪೆಲ್ಲರ್, ಮೋಟಾರಲ್ಲ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಚೆಂದ ಅನ್ನಿಸುವುದೂ ಈ ಭಾಗವೇ. ಪ್ರೊಪೆಲ್ಲರ್ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಅದರ ಪ್ರತಿಕ್ರಿಯೆಯಾಗಿ ವಿಮಾನ ಮುಂದೆ ಹೋಗುತ್ತದೆ. ನ್ಯೂಟನ್ ಹೇಳಿದ್ದು ಅಷ್ಟೇ. ಅದೇ ಬಲವನ್ನು ಎರಡು ಥರ ಪಡೆಯಬಹುದು: ಸ್ವಲ್ಪ ಗಾಳಿಯನ್ನು ತುಂಬಾ ಜೋರಾಗಿ ತಳ್ಳಿ, ಇಲ್ಲವೇ ತುಂಬಾ ಗಾಳಿಯನ್ನು ನಿಧಾನಕ್ಕೆ ತಳ್ಳಿ. ಬಲ ಗಾಳಿಯ ವೇಗಕ್ಕೆ ತಕ್ಕಂತೆ ಏರುತ್ತದೆ, ಆದರೆ ಅದಕ್ಕೆ ತಗಲುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ನಿಧಾನದ ದಾರಿಯೇ ಅಗ್ಗ. ನಿಂತಲ್ಲೇ 800 ಗ್ರಾಂ ಎಳೆತ ಬೇಕು ಅಂತಿಟ್ಟುಕೊಳ್ಳಿ, ನಷ್ಟವೇನೂ ಇಲ್ಲದ ಆದರ್ಶ ಲೆಕ್ಕದಲ್ಲಿ 10 ಇಂಚಿನ ಪ್ರೊಪೆಲ್ಲರ್‌ಗೆ ಸುಮಾರು 64 ವ್ಯಾಟ್ ಸಾಕು, 6 ಇಂಚಿನದಕ್ಕೆ 107 ವ್ಯಾಟ್ ಬೇಕು. ಎಳೆತ ಅಷ್ಟೇ, ಖರ್ಚು ಮಾತ್ರ 1.7 ಪಟ್ಟಿನ ಹತ್ತಿರ. ಆ ಖರ್ಚು ಬ್ಯಾಟರಿಯ ತೂಕವಾಗಿಯೋ ಹಾರಾಟದ ನಿಮಿಷಗಳಾಗಿಯೋ ನಿಮ್ಮ ತಲೆಗೇ ಬರುತ್ತದೆ.

ಅಂದಮೇಲೆ ನೆಲಕ್ಕೆ ತಾಗದಷ್ಟು ದೊಡ್ಡ ಪ್ರೊಪೆಲ್ಲರ್, ಅದನ್ನು ನಿಧಾನಕ್ಕೆ ತಿರುಗಿಸುವ ಮೋಟಾರು, ಇದು ಟ್ರೇನರ್‌ಗೆ ಸರಿ. ಕೆವಿ ಲೆಕ್ಕಕ್ಕೆ ಬರುವುದು ಇಲ್ಲಿ. ಒಂದು ವೋಲ್ಟ್ ಕೊಟ್ಟರೆ, ಪ್ರೊಪೆಲ್ಲರ್ ಇಲ್ಲದ ಖಾಲಿ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದೇ ಕೆವಿ. 1000 ಕೆವಿ ಮೋಟಾರಿಗೆ 11.1 ವೋಲ್ಟ್ ಬ್ಯಾಟರಿ ಕೊಟ್ಟರೆ 11,100 ಸುತ್ತು. ಕೆವಿ ಶಕ್ತಿಯ ಅಳತೆ ಅಲ್ಲವೇ ಅಲ್ಲ. ಕೆವಿ ಹೆಚ್ಚಾದಷ್ಟೂ ಪ್ರತಿ ಆಂಪಿಯರ್‌ಗೆ ಸಿಗುವ ತಿರುಚುವ ಬಲ, ಅಂದರೆ ಟಾರ್ಕ್, ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 2200 ಕೆವಿ ಮೋಟಾರು ಒಂದು ಆಂಪಿಯರ್‌ಗೆ ಕೊಡುವ ಟಾರ್ಕ್ 1000 ಕೆವಿಯದರ ಅರ್ಧಕ್ಕಿಂತ ಕಡಿಮೆ. ಅದಕ್ಕೆ 10 ಇಂಚು ಹಾಕಿದರೆ ತನ್ನ ವೇಗ ಮುಟ್ಟಲು ಹೆಣಗಾಡುತ್ತಾ ಕರೆಂಟ್ ಎಳೆಯುತ್ತಲೇ ಇರುತ್ತದೆ, ಸುರುಳಿ ಸುಡುವವರೆಗೆ. ಅದು 6 ಇಂಚಿನ ಪ್ರೊಪೆಲ್ಲರ್ ಹಾಕಿಕೊಂಡು ಸಣ್ಣ, ಚುರುಕಾದ ವಿಮಾನ ಓಡಿಸಲು ಮಾಡಿದ ಮೋಟಾರು.

ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 2212 ಅಳತೆಯ 1000 ಕೆವಿ ಔಟ್‌ರನ್ನರ್ (ಹೊರಕವಚ ತಿರುಗುವ) ಬ್ರಶ್‌ಲೆಸ್ ಮೋಟಾರು ನಮ್ಮ ಉದಾಹರಣೆಗೆ ಸರಿಯಾಗಿ ಕೂರುತ್ತದೆ. 22 ಅಂದರೆ ಒಳಗೆ ತಿರುಗದೆ ನಿಲ್ಲುವ ಸ್ಟೇಟರಿನ ಅಗಲ 22 ಮಿಲಿಮೀಟರ್, 12 ಅಂದರೆ ಅದರ ಎತ್ತರ. ಮೂರು ಸೆಲ್ ಬ್ಯಾಟರಿ ಮತ್ತು 10×4.5 ಪ್ರೊಪೆಲ್ಲರ್ ಜೊತೆ ಇದು ಫುಲ್ ಥ್ರಾಟಲ್‌ನಲ್ಲಿ 14 ಆಂಪಿಯರ್ ಆಸುಪಾಸು ಎಳೆಯುತ್ತದೆ. 11 ವೋಲ್ಟ್‌ಗೆ ಗುಣಿಸಿ, 154 ವ್ಯಾಟ್. ನಮಗೆ ಬೇಕಾದದ್ದೂ ಅಷ್ಟೇ, ಅಲ್ವಾ? ಮಾರುವವರು 800 ಗ್ರಾಂ ಎಳೆತ ಅಂತ ಹೇಳಿದರೆ 700 ಅಂತಲೇ ಹಿಡಿಯಿರಿ. ಟ್ರೇನರ್‌ಗೆ ತನ್ನ ತೂಕದ ಅರ್ಧದಷ್ಟು ಎಳೆತ ಸಿಕ್ಕರೂ ಹಾರುತ್ತದೆ. ಮುಕ್ಕಾಲು ಭಾಗ ಸಿಕ್ಕರೆ ಹುಲ್ಲಿನ ಮೈದಾನದಿಂದಲೂ ನಿರಾಳವಾಗಿ ಏಳುತ್ತದೆ.

10×4.5ರಲ್ಲಿ 10 ಅನ್ನುವುದು ವ್ಯಾಸ, 4.5 ಪಿಚ್, ಎರಡೂ ಇಂಚಿನಲ್ಲಿ. ಪ್ರೊಪೆಲ್ಲರ್ ಜಾರದೆ ಗಾಳಿಯನ್ನು ಕೊರೆದುಕೊಂಡು ಹೋದರೆ ಒಂದು ಸುತ್ತಿಗೆ 4.5 ಇಂಚು, ಅಂದರೆ 11.4 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಪ್ರೊಪೆಲ್ಲರ್‌ನ ಭಾರ ಬಿದ್ದಾಗ ಸುತ್ತು 11,100 ಇರುವುದಿಲ್ಲ, 7500ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ, ಗುಣಿಸಿದರೆ ಗಂಟೆಗೆ 51 ಕಿ.ಮೀ. ನಮ್ಮ ವಿಮಾನ ಸ್ಟಾಲ್ ಆಗುವ ವೇಗ, ಅಂದರೆ ರೆಕ್ಕೆ ಇನ್ನು ಹೊರಲಾರೆ ಅನ್ನುವ ವೇಗ, ಸುಮಾರು 26 ಕಿ.ಮೀ. ಹಾಗಾಗಿ ಎರಡರಷ್ಟು ಅಂತರ ಇದೆ. ಈ ಅಂತರ ತೀರಾ ಕಡಿಮೆಯಾದರೆ ಮೋಟಾರು ಎಷ್ಟು ಕಿರುಚಿದರೂ ವಿಮಾನ ಗಾಳಿಗೆ ಎದುರಾಗಿ ನಿಂತುಬಿಡುತ್ತದೆ. ಪ್ರೊಪೆಲ್ಲರ್ ಕೂರಿಸುವಾಗ ಅಕ್ಷರ ಬರೆದಿರುವ ಮುಖ ವಿಮಾನ ಹೋಗುವ ದಿಕ್ಕಿಗೇ ಇರಬೇಕು. ತಿರುಗಾಮುರುಗಾ ಕೂರಿಸಿದರೆ ಎಳೆತ ಅರೆಬರೆ ಸಿಗುತ್ತದೆ, ಕಾರಣ ಗೊತ್ತಾಗದೆ ಮೋಟಾರನ್ನು ಬೈಯುತ್ತಾ ಕೂರುತ್ತೀರಿ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ನಾವಿರುವುದು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲೆ. ಇಲ್ಲಿಯ ಗಾಳಿ ಮಂಗಳೂರಿನದಕ್ಕಿಂತ ಶೇಕಡ 8-9ರಷ್ಟು ತೆಳು. ಪ್ರೊಪೆಲ್ಲರ್ ಅಷ್ಟೇ ವೇಗವಾಗಿ ತಿರುಗಿದರೂ ಎಳೆತ ಅಷ್ಟು ಕಡಿಮೆ, ಸ್ಟಾಲ್ ವೇಗವೂ ಸ್ವಲ್ಪ ಜಾಸ್ತಿ. ಕರಾವಳಿಯ ಗೆಳೆಯರ ವಿಮಾನದ ಅಳತೆಯನ್ನು ಹಾಗೇ ತಂದು ಇಲ್ಲಿ ಕಟ್ಟುವುದಾದರೆ 50 ಗ್ರಾಂ ತೂಕ ಇಳಿಸಿಕೊಂಡು ಕಟ್ಟಿ.

ಇಎಸ್‌ಸಿ ಬಗ್ಗೆ ಪದೇ ಪದೇ ಕೇಳುವ ಭಯ: ಮೋಟಾರಿಗೆ 14 ಆಂಪಿಯರ್ ಸಾಕು, 30 ಆಂಪಿಯರ್ ಇಎಸ್‌ಸಿ ಹಾಕಿದರೆ ಮೋಟಾರು ಸುಟ್ಟುಹೋಗುತ್ತದಾ? ಇಲ್ಲ. ಇಎಸ್‌ಸಿ ಕರೆಂಟನ್ನು ಮೋಟಾರಿಗೆ ತುರುಕುವುದಿಲ್ಲ. ಮನೆಯ ನಲ್ಲಿಯಲ್ಲಿ ನೀವು ತಿರುಗಿಸಿದಷ್ಟೇ ನೀರು ಬರುವ ಹಾಗೆ, ಪ್ರೊಪೆಲ್ಲರ್ ಕೇಳಿದಷ್ಟೇ ಕರೆಂಟ್ ಹೋಗುತ್ತದೆ. 30 ಅನ್ನುವುದು ಅದು ತಡೆದುಕೊಳ್ಳುವ ಮಿತಿ. 14 ಎಳೆಯುವಲ್ಲಿ 20 ಇದ್ದರೂ ನಡೆಯುತ್ತದೆ, 30 ಇದ್ದರೆ ಬಿಸಿಲಿನಲ್ಲೂ ನಿಶ್ಚಿಂತೆ. ಇದು ಮಾಡುವ ಕೆಲಸ ನಿಜಕ್ಕೂ ಅಚ್ಚರಿಯದು. ಮೋಟಾರಿಗೆ ಹೋಗುವ ಮೂರು ತಂತಿಗಳಲ್ಲಿ ಒಂದು ಕ್ಷಣಕ್ಕೆ ಎರಡಕ್ಕೆ ಮಾತ್ರ ಕರೆಂಟ್ ಕೊಡುತ್ತದೆ, ಖಾಲಿ ಬಿಟ್ಟ ಮೂರನೆಯದರಲ್ಲಿ ಹುಟ್ಟುವ ವೋಲ್ಟೇಜ್ ನೋಡಿ ಆಯಸ್ಕಾಂತ ಎಲ್ಲಿದೆ ಅಂತ ತಿಳಿದುಕೊಂಡು ಮುಂದಿನ ಸುರುಳಿ ಆನ್ ಮಾಡುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ಮೋಟಾರು ಉಲ್ಟಾ ತಿರುಗಿದರೆ ಗಾಬರಿ ಬೇಡ, ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಆದರೆ ಬ್ಯಾಟರಿ ಕಡೆಯ ಕೆಂಪು ಕಪ್ಪು ತಂತಿ ಅದಲುಬದಲಾದರೆ ಇಎಸ್‌ಸಿ ಆ ಕ್ಷಣವೇ ಹೋಯಿತು.

ಇಎಸ್‌ಸಿಯ ಇನ್ನೊಂದು ಕೆಲಸ ಬಿಇಸಿ, ಅಂದರೆ ಬ್ಯಾಟರಿಯ 11-12 ವೋಲ್ಟನ್ನು 5ಕ್ಕೆ ಇಳಿಸಿ ರಿಸೀವರ್ ಮತ್ತು ಸರ್ವೋಗಳಿಗೆ ಕೊಡುವುದು. ಹೊಸಬರು ಗಮನಿಸದೆ ಬಿಡುವುದು ಇದನ್ನೇ. ಅಗ್ಗದ ಲೀನಿಯರ್ ಬಿಇಸಿ ಮಿಕ್ಕ ವೋಲ್ಟೇಜನ್ನು ಬಿಸಿಯಾಗಿ ಕಳೆಯುತ್ತದೆ. ತುಂಬಿದ ಬ್ಯಾಟರಿ 12.6 ವೋಲ್ಟ್ ಇರುವಾಗ ಸರ್ವೋಗಳು ಒಂದು ಆಂಪಿಯರ್ ಎಳೆದರೆ ಬಿಇಸಿಯಲ್ಲಿ 7.6 ವ್ಯಾಟ್ ಬಿಸಿ. ಒಂದು ಸರ್ವೋ ಬಿಗಿಯಾಗಿ ಸಿಕ್ಕಿಕೊಂಡರೆ ಅದೊಂದೇ ಅರ್ಧ ಆಂಪಿಯರ್‌ಗಿಂತ ಹೆಚ್ಚು ಎಳೆಯಬಲ್ಲದು. ಬಿಸಿ ಮಿತಿ ಮೀರಿದರೆ ರಿಸೀವರ್‌ಗೆ ಕರೆಂಟ್ ತಪ್ಪುತ್ತದೆ, ವಿಮಾನ ಮಾತು ಕೇಳುವುದು ನಿಲ್ಲಿಸುತ್ತದೆ, ನೋಡುವವರು "ಸಿಗ್ನಲ್ ಹೋಯ್ತು" ಅನ್ನುತ್ತಾರೆ. ಹಾಗಾಗಿ ನಾಲ್ಕು ಸರ್ವೋ ಹಾಕುವವರು ಅಷ್ಟು ಬಿಸಿಯಾಗದ ಸ್ವಿಚಿಂಗ್ ಬಿಇಸಿ ಇರುವ ಇಎಸ್‌ಸಿ ತಗೊಳ್ಳಿ. ಪ್ರತಿ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ಓಡಾಡುತ್ತದಾ ಅಂತ ನೋಡಿ. ಮೊದಲ ವಿಮಾನಕ್ಕೆ ಏಲೆರಾನ್ (ರೆಕ್ಕೆಯ ಹಿಂಬದಿಯಲ್ಲಿ ಆಡುವ ಪಟ್ಟಿ) ಇಲ್ಲದೆ, ರೆಕ್ಕೆಗೆ ಸ್ವಲ್ಪ ವಿ ಆಕಾರದ ಬಾಗು ಕೊಟ್ಟು, ಬರೀ ಬಾಲದ ಎಲಿವೇಟರ್ (ಏರಿಳಿಸಲು) ಮತ್ತು ರಡ್ಡರ್ (ತಿರುಗಿಸಲು) ಇಟ್ಟುಕೊಂಡರೆ ಎರಡೇ ಸರ್ವೋ ಸಾಕು. ನನ್ನ ಮಟ್ಟಿಗೆ ಕಲಿಕೆಗೆ ಇದೇ ಉತ್ತಮ ದಾರಿ.

ಬ್ಯಾಟರಿ ಮೂರು ಸೆಲ್‌ನ 2200 ಎಂಎಎಚ್ (2.2 ಆಂಪಿಯರ್-ಗಂಟೆ) ಲಿಪೋ, ಅಂದರೆ ಲಿಥಿಯಂ ಪಾಲಿಮರ್. ಶೇಕಡ 80 ಮಾತ್ರ ಬಳಸುವುದು ಅಂತ ನಿಯಮ ಇಟ್ಟುಕೊಳ್ಳಿ, 1.76 ಆಂಪಿಯರ್-ಗಂಟೆ ಸಿಗುತ್ತದೆ. ಥ್ರಾಟಲ್ ತಗ್ಗಿಸಿ ಸರಾಸರಿ 9 ಆಂಪಿಯರ್‌ನಲ್ಲಿ ಹಾರಿಸಿದರೆ ಹನ್ನೊಂದು ನಿಮಿಷಕ್ಕೂ ಹೆಚ್ಚು. 25ಸಿ ಅಂತ ಬರೆದಿದ್ದರೆ 2.2ಕ್ಕೆ 25 ಗುಣಿಸಿ 55 ಆಂಪಿಯರ್ ಕೊಡುತ್ತದೆ ಅಂತ ಅರ್ಥ. ಲೇಬಲ್‌ನ ಅರ್ಧವನ್ನಷ್ಟೇ ನಂಬಿದರೂ ನಮಗೆ ಧಾರಾಳ. ಒಂದು ಸೆಲ್ ತುಂಬಿದಾಗ 4.2 ವೋಲ್ಟ್, 3.0ಕ್ಕಿಂತ ಕೆಳಗಿಳಿದರೆ ಹಾಳು, ಎತ್ತಿಡುವಾಗ 3.8. ಚಾರ್ಜಿಂಗ್ 2.2 ಆಂಪಿಯರ್‌ನಲ್ಲಿ, ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್‌ನಲ್ಲಿ ಮಾತ್ರ, ನೀವು ಪಕ್ಕದಲ್ಲೇ ಇರುವಾಗ. ಊದಿಕೊಂಡ ಬ್ಯಾಟರಿಯನ್ನು "ಇನ್ನೊಂದು ಸಲ ನೋಡೋಣ" ಅಂತ ಬಳಸಲೇಬೇಡಿ, ಅದು ಬೆಂಕಿ ಹತ್ತುವ ವಸ್ತು.

ರೇಡಿಯೋ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 2.4 ಗಿಗಾಹರ್ಟ್ಸ್‌ನ ಆರು ಚಾನೆಲ್ ಸೆಟ್ ಯಾವುದಾದರೂ ಸರಿ, ಫ್ಲೈಸ್ಕೈ ಎಫ್ಎಸ್-ಐ6 ಥರದ್ದು. ಎಡಗೈಯಲ್ಲಿ ಥ್ರಾಟಲ್ ಇರುವ ಮೋಡ್ 2 ಕೇಳಿ ತಗೊಳ್ಳಿ, ನಮ್ಮಲ್ಲಿ ಹೇಳಿಕೊಡುವವರು ಹೆಚ್ಚಾಗಿ ಅದನ್ನೇ ಬಳಸುತ್ತಾರೆ. ರಿಸೀವರ್‌ನ ಆಂಟೆನಾ ಬ್ಯಾಟರಿಗೂ ಮೋಟಾರಿನ ತಂತಿಗೂ ದೂರ ಇರಲಿ.

ಎಲ್ಲ ಜೋಡಿಸಿದ ಮೇಲೆ ಲೆಕ್ಕವನ್ನು ಅಳತೆಯಿಂದ ಪರೀಕ್ಷಿಸಲೇಬೇಕು. ಇದಕ್ಕೆ ವ್ಯಾಟ್‌ಮೀಟರ್ ಅಂತ ಸಣ್ಣ ಪೆಟ್ಟಿಗೆ ಸಿಗುತ್ತದೆ, ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ಸಿಕ್ಕಿಸುವಂಥದ್ದು. ವಿಮಾನವನ್ನು ಗಟ್ಟಿಯಾಗಿ ಕಟ್ಟಿ, ಪ್ರೊಪೆಲ್ಲರ್‌ನ ಹಿಂದೆ ನಿಂತು, ಕೆಲವೇ ಸೆಕೆಂಡು ಫುಲ್ ಥ್ರಾಟಲ್ ಕೊಟ್ಟು ಆಂಪಿಯರ್ ಓದಿ. ಮೋಟಾರಿನ ಮಿತಿಗಿಂತ ಹೆಚ್ಚು ಬಂದರೆ ಒಂದು ಇಂಚು ಸಣ್ಣ ಪ್ರೊಪೆಲ್ಲರ್ ಹಾಕಿ. ಅದೇ ಸುತ್ತಿನಲ್ಲಿ ಶಕ್ತಿ ವ್ಯಾಸದ ನಾಲ್ಕನೇ ಘಾತಕ್ಕಿಂತಲೂ ಜೋರಾಗಿ ಬದಲಾಗುವುದರಿಂದ ಒಂದು ಇಂಚು ಇಳಿಸಿದರೂ ಕರೆಂಟ್ ಚೆನ್ನಾಗಿ ಇಳಿಯುತ್ತದೆ. ಈ ಒಂದು ಪರೀಕ್ಷೆ ಬಿಟ್ಟು, ಮೇಜಿನ ಮೇಲೆ ಮಾಡುವ ಬೇರೆ ಎಲ್ಲ ಕೆಲಸಕ್ಕೂ ಪ್ರೊಪೆಲ್ಲರ್ ಬಿಚ್ಚಿಡಿ. ಬೆರಳು ತಗುಲಿದರೆ ಎಲೆಕ್ಟ್ರಿಕ್ ಮೋಟಾರು ಪೆಟ್ರೋಲ್ ಇಂಜಿನ್ನಿನ ಹಾಗೆ ಆಫ್ ಆಗುವುದಿಲ್ಲ, ಇನ್ನೂ ಜೋರಾಗಿ ತಿರುಗಲು ನೋಡುತ್ತದೆ.

ಎಲ್ಲಿ ಹಾರಿಸುವುದು ಅನ್ನುವುದಕ್ಕೆ 2021ರ ಡ್ರೋನ್ ನಿಯಮಗಳಿವೆ, ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ. ಜಕ್ಕೂರು, ಎಚ್ಎಎಲ್, ಯಲಹಂಕ, ದೇವನಹಳ್ಳಿ ಹೀಗೆ ನಾಲ್ಕು ಕಡೆ ನಿಜವಾದ ವಿಮಾನಗಳು ಏರಿಳಿಯುವ ಬೆಂಗಳೂರಲ್ಲಿ ಇದು ತಮಾಷೆಯ ಮಾತಲ್ಲ.

ಮೈದಾನಕ್ಕೆ ಹೋಗುವ ಮುಂಚೆ ಇನ್ನೊಂದೇ ಕೆಲಸ. ಪ್ರೊಪೆಲ್ಲರ್ ಬಿಚ್ಚಿ, ಮೊದಲು ಟ್ರಾನ್ಸ್‌ಮಿಟರ್ ಆನ್ ಮಾಡಿ, ಆಮೇಲೆ ಬ್ಯಾಟರಿ ಸಿಕ್ಕಿಸಿ, ಅರ್ಧ ಥ್ರಾಟಲ್ ಕೊಟ್ಟು ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟಾರು ಒಂದೆರಡು ಸೆಕೆಂಡಿನೊಳಗೆ ನಿಲ್ಲಬೇಕು. ತಿರುಗುತ್ತಲೇ ಇದ್ದರೆ ಫೇಲ್‌ಸೇಫ್, ಅಂದರೆ ಸಿಗ್ನಲ್ ತಪ್ಪಿದಾಗ ಮೋಟಾರು ನಿಲ್ಲಿಸುವ ವ್ಯವಸ್ಥೆ, ಸೆಟ್ ಆಗಿಲ್ಲ ಅಂತ ಅರ್ಥ, ಕೆಲವು ಸೆಟ್‌ಗಳಲ್ಲಿ ಅದನ್ನು ನಾವೇ ಮೆನುವಿಗೆ ಹೋಗಿ ಸೆಟ್ ಮಾಡಬೇಕು. ಥ್ರಾಟಲ್ ಸೊನ್ನೆಗೆ ಇಟ್ಟು ಸೇವ್ ಮಾಡಿ, ಮತ್ತೆ ಅದೇ ಪರೀಕ್ಷೆ ಮಾಡಿ, ಮೋಟಾರು ನಿಂತ ಮೇಲೆಯೇ ಪ್ರೊಪೆಲ್ಲರ್ ಹಾಕಿ.