ಸಿಲಬರಿ ಅಂದರೇನು?

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಸಾಮಾನ್ಯವಾಗಿ ಎರಡು ಲಿಪಿ ಗೊತ್ತಿರುತ್ತದೆ. ಕನ್ನಡ ಹೇಗೂ ಇದೆ, ಬಸ್ಸಿನ ಬೋರ್ಡ್ ಓದಲಿಕ್ಕಾದರೂ ಮಲಯಾಳ ಬೇಕಲ್ಲ. ಎರಡರ ಲೆಕ್ಕಾಚಾರವೂ ಒಂದೇ. 'ಕ'ಗೆ ಗುಡಿಸು ಕೊಟ್ಟರೆ 'ಕಿ', ಕೊಂಬು ಕೊಟ್ಟರೆ 'ಕು'. ಮಲಯಾಳದಲ್ಲಿ 'ಕೆ' ಬರೆಯುವಾಗ ಏತ್ವದ ಚಿಹ್ನೆ ಅಕ್ಷರಕ್ಕಿಂತ ಮೊದಲೇ, ಎಡಗಡೆ ಬಂದು ಕೂರುತ್ತದೆ. ಆದರೂ ಪಕ್ಕದಲ್ಲಿ 'ಕ' ಇರುವುದು ಕಣ್ಣಿಗೆ ಕಾಣುತ್ತದೆ.

ಸಿಲಬರಿ ಎಂಬ ಬಗೆಯ ಲಿಪಿಯಲ್ಲಿ ಈ ಅನುಕೂಲ ಇಲ್ಲ. ಅಲ್ಲಿ 'ಕ', 'ಕಿ', 'ಕು' ಇಂಥ ಒಂದೊಂದು ಉಚ್ಚಾರಕ್ಕೆ ಒಂದೊಂದು ಪ್ರತ್ಯೇಕ ಚಿಹ್ನೆ. ಜಪಾನಿನ ಹಿರಗಾನದಲ್ಲಿ ಇಂಥ 46 ಮೂಲ ಚಿಹ್ನೆಗಳಿವೆ. 'ಕ' ಬರೆಯಲು ಮೂರು ಗೆರೆ ಬೇಕು, 'ಕು' ಬರೀ ಒಂದು ಮಡಚಿದ ಗೆರೆ. ಎರಡೂ ಒಂದೇ ಮನೆಯವು ಅಂತ ನೋಡಿದರೆ ಗೊತ್ತೇ ಆಗುವುದಿಲ್ಲ. ಅಮೆರಿಕದ ಚೆರೋಕಿ ಜನರಿಗೆ ಸಿಕ್ವೋಯಾ ಎಂಬವರು 1821ರ ಹೊತ್ತಿಗೆ ಮಾಡಿಕೊಟ್ಟ ಲಿಪಿಯೂ ಸಿಲಬರಿಯೇ. ಅದರಲ್ಲಿ ಇಂಗ್ಲಿಷಿನ 'ಡಿ' ಥರ ಕಾಣುವುದನ್ನು 'ಅ' ಅಂತ ಓದಬೇಕು!

ಇವುಗಳಲ್ಲಿ ನನಗೆ ಜಾಸ್ತಿ ಇಷ್ಟ ಲೀನಿಯರ್ ಬಿ. ಗ್ರೀಸಿನ ಹಳೇ ಅರಮನೆಗಳ ಲೆಕ್ಕಪತ್ರಗಳು ಈ ಲಿಪಿಯಲ್ಲಿ, ಮಣ್ಣಿನ ಫಲಕಗಳ ಮೇಲೆ ಇವೆ. 1952ರಲ್ಲಿ ಇದನ್ನು ಬಿಡಿಸಿದ ಮೈಕೆಲ್ ವೆಂಟ್ರಿಸ್ ವೃತ್ತಿಯಲ್ಲಿ ಆರ್ಕಿಟೆಕ್ಟ್. ಯಾವ ಚಿಹ್ನೆಗಳಲ್ಲಿ ವ್ಯಂಜನ ಒಂದೇ ಇರಬಹುದು, ಯಾವುದರಲ್ಲಿ ಸ್ವರ ಒಂದೇ ಇರಬಹುದು ಅಂತ ಊಹಿಸಿ, ಅವರು ಚಿಹ್ನೆಗಳನ್ನು ಅಡ್ಡಸಾಲು, ಉದ್ದಸಾಲುಗಳಲ್ಲಿ ಜೋಡಿಸುತ್ತಾ ಹೋದರು. ಇದು ನಮ್ಮ ಕಾಗುಣಿತದ ಪಟ್ಟಿಯೇ ಅಲ್ವಾ? ವ್ಯತ್ಯಾಸ ಇಷ್ಟೇ: ಯಾವ ಸಾಲಿನ ಉಚ್ಚಾರ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ಗ್ರೀಸಿನ ಕ್ರೀಟ್ ದ್ವೀಪದ ಊರುಗಳ ಹೆಸರು ಊಹಿಸಿ ಕೂರಿಸಿ ನೋಡಿದಾಗ ಉಳಿದವೂ ಒಂದೊಂದಾಗಿ ಬಾಯಿಬಿಟ್ಟವು. ಭಾಷೆ ನೋಡಿದರೆ ಗ್ರೀಕ್!

ಇದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಗ್ರೀಸಿನ ಪೈಲೋಸ್ ಎಂಬಲ್ಲಿನ ಒಂದು ಫಲಕದಲ್ಲಿ. ಅದರಲ್ಲಿ ಪಾತ್ರೆಗಳ ಚಿತ್ರ, ಪಕ್ಕದಲ್ಲೇ ಬರಹ. ಮೂರು ಕಾಲಿನ ಪಾತ್ರೆಯ ಬಳಿ 'ತಿ-ರಿ-ಪೊ' ಅಂತಿತ್ತು. ಗ್ರೀಕಿನಲ್ಲಿ ಮುಕ್ಕಾಲಿ ಪಾತ್ರೆಗೆ 'ತ್ರಿಪೂಸ್' ಅನ್ನುತ್ತಾರೆ. ಹಿಡಿಯೇ ಇಲ್ಲದ ಪಾತ್ರೆಯ ಹತ್ತಿರ 'ಅ-ನೊ-ವೆ', ಅಂದರೆ ಕಿವಿ ಇಲ್ಲದ್ದು.

'ತ್ರಿ' ಯಾಕೆ 'ತಿ-ರಿ' ಆಯಿತು? ಒತ್ತಕ್ಷರ ಇಲ್ಲ, ಅದಕ್ಕೆ. ಈ ಲಿಪಿಯಲ್ಲಿ ವ್ಯಂಜನಕ್ಕೆ ಒಂಟಿಯಾಗಿ ನಿಲ್ಲಲು ಜಾಗ ಇಲ್ಲ, ಹಾಗಾಗಿ ಒಂದು ಸ್ವರವನ್ನು ಸುಮ್ನೆ ಜೊತೆಗೆ ಸೇರಿಸಬೇಕು. ಪದದ ಕೊನೆಯ 'ಸ್' ಅನ್ನು ಬಿಟ್ಟೇಬಿಡುತ್ತಿದ್ದರು. ಕಂಚಿಗೆ ಗ್ರೀಕಿನಲ್ಲಿ 'ಖಲ್ಕೋಸ್', ಫಲಕದಲ್ಲಿ ಬರೀ 'ಕ-ಕೊ'. ಓದುವವನೇ ಉಳಿದದ್ದನ್ನು ತುಂಬಿಕೊಳ್ಳಬೇಕು.

ಕನ್ನಡ, ಮಲಯಾಳ, ತುಳುವಿನ ತಿಗಳಾರಿ ಎಲ್ಲ ಬ್ರಾಹ್ಮಿಯ ಮಕ್ಕಳು. ಇವುಗಳಲ್ಲಿ ವ್ಯಂಜನಕ್ಕೊಂದು ಮೂಲ ರೂಪ, ಸ್ವರಕ್ಕೊಂದು ಗುರುತು, ಸ್ವರ ಬೇಡವಾದರೆ ಅದಕ್ಕೂ ಒಂದು ಉಪಾಯ. ಲಿಪಿ ಬಲ್ಲವರು ಇಂಥದ್ದನ್ನು ಅಬುಗಿಡ ಅಂತ ಬೇರೆ ಗುಂಪಿಗೆ ಸೇರಿಸುತ್ತಾರೆ. ಕೆಲವರು ಕನ್ನಡವನ್ನೂ ಸಿಲಬರಿ ಅಂದುಬಿಡುವುದುಂಟು. 'ಕಿ' ಮತ್ತು 'ಕು' ಬರೆದು ತೋರಿಸಿ, ಸಾಕು.