‘4: ಕ್ಯಾಸ್ಕೇಡ್’ ಎಂಬ ಸಾಲಿನ ಹಿನ್ನೆಲೆ

ಗೋಣಿಕೊಪ್ಪಲಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಕಳೆದ ಮಳೆಗಾಲದಲ್ಲಿ ತನ್ನ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಕೊಂಡು, ‘ಪ್ರಾಕ್’ ಫೋಲ್ಡರಿನೊಳಗೆ ‘ಡಿಎಂಎ’ ಎಂಬ ಹೆಸರಿನ ಕಡತವನ್ನು ತೆರೆದು ನೋಡಿದಾಗ ಅದರಲ್ಲಿದ್ದುದು ಒಂದೇ ಸಾಲು: ‘4: ಕ್ಯಾಸ್ಕೇಡ್’. ಡಿಸ್ಕು, ಧ್ವನಿ, ವೈಫೈ ಎಲ್ಲವೂ ಡಿಎಂಎ ಮೂಲಕವೇ ದತ್ತಾಂಶ ಸಾಗಿಸುತ್ತವೆಂದು ತರಗತಿಯಲ್ಲಿ ಕಲಿತವನಿಗೆ, ಹಾಗಾದರೆ ಅವುಗಳ ಹೆಸರು ಇಲ್ಲೇಕಿಲ್ಲ ಎಂಬ ಪ್ರಶ್ನೆ ಎದ್ದಿತು. ಉತ್ತರಕ್ಕೆ 1981ರವರೆಗೆ ಹಿಂದೆ ಹೋಗಬೇಕಾಗುತ್ತದೆ.

ಡಿಎಂಎ ಎಂದರೆ ಪ್ರೊಸೆಸರಿನ ಕೈ ದಾಟದೆ ಸಾಧನಕ್ಕೂ ಮೆಮೊರಿಗೂ ನಡುವೆ ನೇರವಾಗಿ ನಡೆಯುವ ಸಾಗಾಟ. ಕಾಫಿ ತೋಟದ ರೂಢಿಯಲ್ಲಿ ಹೇಳುವುದಾದರೆ, ಕಣದಿಂದ ಗೋದಾಮಿಗೆ ಹೋಗುವ ಪ್ರತಿಯೊಂದು ಚೀಲವನ್ನೂ ತೋಟದ ಗುಮಾಸ್ತನಾದ ರೈಟರೇ ಹೊರುತ್ತಾ ಕುಳಿತರೆ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ಬರೆಯುವವರು ಯಾರೂ ಇರುವುದಿಲ್ಲ. ಆದ್ದರಿಂದ ಎಲ್ಲಿಂದ ಎಲ್ಲಿಗೆ, ಎಷ್ಟು ಚೀಲ ಎಂದು ಮೇಸ್ತ್ರಿಗೆ ಹೇಳಿ, ಮುಗಿದ ಮೇಲೆ ತಿಳಿಸು ಎನ್ನುತ್ತಾರೆ. ಪ್ರೊಸೆಸರ್ ಕೂಡ ಆರಂಭದ ವಿಳಾಸ, ಬೈಟ್‌ಗಳ ಎಣಿಕೆ, ಸಾಗಾಟದ ದಿಕ್ಕು ಇಷ್ಟನ್ನು ಡಿಎಂಎ ನಿಯಂತ್ರಕಕ್ಕೆ ಒಪ್ಪಿಸಿ ತನ್ನ ಕೆಲಸಕ್ಕೆ ಮರಳುತ್ತದೆ, ಮುಗಿದಾಗ ಇಂಟರಪ್ಟ್ ಎಂಬ ಸೂಚನೆ ಬರುತ್ತದೆ. (ಮೇಸ್ತ್ರಿ ತಾನೇ ಚೀಲ ಹೊರುವುದಿಲ್ಲ, ನಿಯಂತ್ರಕ ಹೊರುತ್ತದೆ, ಹೋಲಿಕೆಯನ್ನು ಅದಕ್ಕಿಂತ ಮುಂದೆ ಎಳೆಯುವುದು ಬೇಡ.) ಹೀಗೆ ಏಕಕಾಲಕ್ಕೆ ಒಪ್ಪಿಸಬಹುದಾದ ಪ್ರತ್ಯೇಕ ಕೆಲಸಗಳ ದಾರಿಗಳೇ ಚಾನೆಲ್‌ಗಳು.

1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ 8237 ಎಂಬ ಚಿಪ್ ಇತ್ತು, ಅದಕ್ಕೆ ನಾಲ್ಕೇ ಚಾನೆಲ್, ಎಣಿಕೆ ಸೊನ್ನೆಯಿಂದ ಮೂರರವರೆಗೆ. ಸೊನ್ನೆಯ ಚಾನೆಲ್ ಮೆಮೊರಿಯಲ್ಲಿರುವುದು ಅಳಿಯದಂತೆ ಅದನ್ನು ಆಗಾಗ ರಿಫ್ರೆಶ್ ಮಾಡುವ ಕೆಲಸಕ್ಕೆ ಮೀಸಲಾಗಿತ್ತು, ಎರಡನೆಯದು ಫ್ಲಾಪಿಗೆ ಹೋಯಿತು. 1984ರ ಐಬಿಎಂ ಎಟಿಯಲ್ಲಿ ಇನ್ನೊಂದು 8237 ಸೇರಿಸಿ ಎಂಟು ಚಾನೆಲ್ ಮಾಡಿದರು. ಆದರೆ ಮೊದಲ ಚಿಪ್ ತನ್ನ ಕೋರಿಕೆಗಳನ್ನು ಎರಡನೆಯ ಚಿಪ್ಪಿನ ಮೂಲಕವೇ ಮುಂದಕ್ಕೆ ಕಳುಹಿಸಬೇಕಿದ್ದುದರಿಂದ, ನಾಲ್ಕನೆಯ ಚಾನೆಲ್ ಆ ಜೋಡಣೆಗೇ ಖರ್ಚಾಯಿತು. ಈ ಜೋಡಣೆಯ ಹೆಸರೇ ಕ್ಯಾಸ್ಕೇಡ್. ಸಾಧನಗಳ ಪಾಲಿಗೆ ಉಳಿದದ್ದು ಏಳು, ಅವುಗಳಲ್ಲಿ ಐದರಿಂದ ಏಳರವರೆಗಿನವು 16 ಬಿಟ್‌ನವು.

ಮಿತಿಗಳು ಅಷ್ಟಕ್ಕೇ ನಿಲ್ಲಲಿಲ್ಲ. 8 ಬಿಟ್‌ನ ಚಾನೆಲ್ ಒಮ್ಮೆಗೆ 64 ಕಿಲೋಬೈಟ್‌ಗಿಂತ ಹೆಚ್ಚು ಸಾಗಿಸುತ್ತಿರಲಿಲ್ಲ, ಆ 64 ಕಿಲೋಬೈಟ್‌ನ ಗಡಿಯನ್ನು ನಡುವೆ ದಾಟುವಂತೆಯೂ ಇರಲಿಲ್ಲ. ವಿಳಾಸಕ್ಕೆ 24 ಬಿಟ್ ಮಾತ್ರ ಇದ್ದುದರಿಂದ ಮೊದಲ 16 ಮೆಗಾಬೈಟ್ ಮೆಮೊರಿಯಾಚೆಗೆ ಈ ಚಿಪ್‌ಗಳ ಕೈ ಚಾಚುತ್ತಿರಲಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಆ 16 ಮೆಗಾಬೈಟನ್ನು ಡಿಎಂಎ ವಲಯವೆಂದು ಪ್ರತ್ಯೇಕವಾಗಿ ಗುರುತಿಸಿಕೊಳ್ಳಲು ಕಾರಣ ಇದೇ. ಚಿಪ್ ಎಷ್ಟು ನಿಧಾನವಾಗಿತ್ತೆಂದರೆ ಎಟಿಯ ಹಾರ್ಡ್ ಡಿಸ್ಕಿನಿಂದ ಓದುವಾಗ ಡಿಎಂಎಯನ್ನು ಬಿಟ್ಟು ಪ್ರೊಸೆಸರೇ ಚೀಲ ಹೊರುವುದು ಲಾಭದಾಯಕವಾಗಿತ್ತು.

ಏಳು ಚಾನೆಲ್‌ಗಳಿಗೆ, ಒಂದೊಂದು ಸಾಧನವನ್ನು ನಡೆಸುವ ಹಲವು ಚಾಲಕ ತಂತ್ರಾಂಶಗಳು ಕೈಯೊಡ್ಡಿದಾಗ ಹಂಚುವವರು ಬೇಕಾಯಿತು. ಲಿನಕ್ಸ್‌ಗೆ 1992ರಲ್ಲಿ ಹೆನ್ನಸ್ ಬರ್ಗ್‌ಮನ್ ಬರೆದುಕೊಟ್ಟ ಹಂಚಿಕೆಯ ವ್ಯವಸ್ಥೆ ಅಚ್ಚರಿಪಡುವಷ್ಟು ಚಿಕ್ಕದು. ಎಂಟು ಖಾನೆಗಳ ಒಂದು ಪಟ್ಟಿ. ಚಾನೆಲ್ ಬೇಕಾದ ಚಾಲಕವು ಆ ಖಾನೆಗೆ 1 ಎಂದು ಬರೆದು, ಅದೇ ಉಸಿರಿನಲ್ಲಿ ಅಲ್ಲಿ ಮೊದಲು ಏನಿತ್ತೆಂದು ಓದಿಕೊಳ್ಳುತ್ತದೆ. ಸೊನ್ನೆ ಸಿಕ್ಕರೆ ಚಾನೆಲ್ ತನ್ನದು, 1 ಸಿಕ್ಕರೆ ಬೇರೆಯವರು ಹಿಡಿದಿದ್ದಾರೆ. ಬರೆಯುವುದೂ ಓದುವುದೂ ಬಿಡಿಸಲಾಗದ ಒಂದೇ ಕ್ರಿಯೆಯಾದ್ದರಿಂದ ಇಬ್ಬರು ಒಟ್ಟಿಗೆ ಬಂದರೂ ಇಬ್ಬರಿಗೂ ಸಿಗುವುದಿಲ್ಲ. ನಾಲ್ಕನೆಯ ಖಾನೆ ಮಾತ್ರ ಆರಂಭದಿಂದಲೇ ಭರ್ತಿ.

ಈ ಪಟ್ಟಿಯನ್ನು ಕಾವಲು ಎಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಅದು ಕೇವಲ ಒಪ್ಪಂದದ ಪುಸ್ತಕ: ಅದರಲ್ಲಿ ಬರೆಸದೆ ನೇರವಾಗಿ ಚಿಪ್ಪಿಗೆ ಆದೇಶ ಕೊಡುವ ಚಾಲಕವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಒಪ್ಪಂದಕ್ಕೆ ಶಿಸ್ತೂ ಬೇಕು. ಮೊದಲು ಇಂಟರಪ್ಟ್ ತಂತಿ, ಆಮೇಲೆ ಡಿಎಂಎ ಚಾನೆಲ್ ಕೇಳಬೇಕು, ಬಿಡುವಾಗ ಮೊದಲು ಚಾನೆಲ್ ಬಿಡಬೇಕು ಎಂಬ ನಿಯಮ ಬಂದದ್ದು, ತೋಟದ ಕಿರುದಾರಿಯಲ್ಲಿ ಎದುರುಬದುರಾಗಿ ನಿಂತ ಎರಡು ಜೀಪುಗಳಂತೆ ಒಬ್ಬರ ಕೈಯಲ್ಲಿರುವುದಕ್ಕೆ ಇನ್ನೊಬ್ಬರು ಕಾದು ಕೂರಬಾರದೆಂದು.

ಚಾನೆಲ್ ಹಂಚಿದ ಮೇಲೂ ಇನ್ನೊಂದು ತೊಡಕು ಉಳಿಯುತ್ತಿತ್ತು. 8237ಕ್ಕೆ, ಆ 24 ಬಿಟ್‌ಗಳಲ್ಲಿ ಚಿಪ್ಪಿನ ಪಾಲಿಗೆ ಬರುವ 16 ಬಿಟ್‌ನ ವಿಳಾಸವನ್ನು ಎಂಟೆಂಟು ಬಿಟ್‌ಗಳ ಎರಡು ಕಂತಿನಲ್ಲಿ ಒಂದೇ ಬಾಗಿಲಿನಿಂದ ಕೊಡಬೇಕು. ಈಗ ಬಂದದ್ದು ಮೊದಲ ಕಂತೋ ಎರಡನೆಯದೋ ಎಂಬುದನ್ನು ಚಿಪ್ಪಿನೊಳಗಿನ ಒಂದು ಫ್ಲಿಪ್‌ಫ್ಲಾಪ್ ನೆನಪಿಟ್ಟುಕೊಳ್ಳುತ್ತದೆ. ಒಂದು ಚಾಲಕ ಮೊದಲ ಕಂತು ಕೊಟ್ಟ ಕ್ಷಣದಲ್ಲೇ ಅದೇ ಚಿಪ್ಪಿನ ಇನ್ನೊಂದು ಚಾನೆಲ್ಲಿನ ಚಾಲಕ ನಡುವೆ ನುಗ್ಗಿದರೆ ಎರಡೂ ವಿಳಾಸಗಳು ಅದಲುಬದಲಾಗಿ, ದತ್ತಾಂಶವು ಯಾರದೋ ಮೆಮೊರಿಯ ಮೇಲೆ ಹೋಗಿ ಕೂರುತ್ತದೆ. ಆದ್ದರಿಂದಲೇ ಚಾನೆಲ್ ಬೇರೆಯಾಗಿದ್ದರೂ ಎಲ್ಲರಿಗೂ ಸೇರಿ ಒಂದು ಬೀಗವಿದೆ. ಆ ಬೀಗ ಹಿಡಿದು, ಇಂಟರಪ್ಟ್‌ಗಳನ್ನು ತಡೆದು, ಫ್ಲಿಪ್‌ಫ್ಲಾಪನ್ನು ಮೊದಲ ಸ್ಥಿತಿಗೆ ತಂದು, ಆಮೇಲೆ ವಿಳಾಸ ಬರೆಯಬೇಕು.

ತೊಂಬತ್ತರ ದಶಕದಲ್ಲಿ ಮಡಿಕೇರಿಯ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ನಾವು ಇದನ್ನೆಲ್ಲ ತಿಳಿಯದೆಯೇ ಅನುಭವಿಸಿದೆವು. ಸೌಂಡ್ ಕಾರ್ಡೂ ಕೈಯಲ್ಲಿ ಎಳೆಯುವ ಸ್ಕ್ಯಾನರಿನ ಕಾರ್ಡೂ ಒಂದನೆಯ ಚಾನೆಲ್ಲಿಗೇ ಜಂಪರ್ (ಚಾನೆಲ್ ಆರಿಸುವ ಪುಟ್ಟ ಕೊಂಡಿ) ಹಾಕಿಸಿಕೊಂಡು ಬಂದಿದ್ದವು. ಒಂದೊಂದಾಗಿ ಹಾಕಿದರೆ ಸರಿ, ಎರಡನ್ನೂ ಹಾಕಿದರೆ ಚಿತ್ರದ ಅರ್ಧದಲ್ಲಿ ಯಂತ್ರ ಸ್ತಬ್ಧ. ಎರಡು ದಿನ ಮಳೆಯ ತೇವವನ್ನೇ ಬೈದೆವು. ಕೊನೆಗೆ ಚಿಮಟದಿಂದ ಜಂಪರನ್ನು ಮೂರನೆಯ ಚಾನೆಲ್ಲಿಗೆ ಸರಿಸಿದಾಗ ಎಲ್ಲವೂ ಸರಿಹೋಯಿತು.

1992ರಲ್ಲಿ ಬಂದ, ಕಾರ್ಡುಗಳನ್ನು ಜೋಡಿಸುವ ಪಿಸಿಐ ಎಂಬ ಹೊಸ ವಿಧಾನವು ಈ ಜಗಳದ ಬುಡವನ್ನೇ ಕಿತ್ತಿತು. ಪಿಸಿಐ ಕಾರ್ಡುಗಳು ಬಸ್ಸಿನ, ಅಂದರೆ ದತ್ತಾಂಶ ಓಡಾಡುವ ತಂತಿಗಳ, ಯಜಮಾನಿಕೆಯನ್ನು ತಾವೇ ಪಡೆದು ಮೆಮೊರಿಗೆ ಬರೆಯಬಲ್ಲವು. ಮಧ್ಯೆ ಮೇಸ್ತ್ರಿ ಬೇಡ, ಚಾನೆಲ್ ಸಂಖ್ಯೆಯೂ ಬೇಡ. ಇಂದಿನ ಲ್ಯಾಪ್‌ಟಾಪಿನ ಡಿಸ್ಕು, ವೈಫೈಗಳು ಆ ಹಳೆಯ ಪಟ್ಟಿಯಲ್ಲಿ ಕಾಣದಿರುವುದು ಇದರಿಂದಲೇ. ಕರ್ನಲ್ಲಿನ ಚಿಂತೆ ಮಾತ್ರ ಕಡಿಮೆಯಾಗದೆ ಬೇರೆ ರೂಪಕ್ಕೆ ತಿರುಗಿತು. ಯಾರಿಗೆ ಯಾವ ಚಾನೆಲ್ ಎಂಬ ಪ್ರಶ್ನೆಯ ಜಾಗದಲ್ಲಿ, ಯಾವ ಸಾಧನ ಮೆಮೊರಿಯ ಯಾವ ಭಾಗವನ್ನು ಮುಟ್ಟಬಹುದು ಎಂಬ ಪ್ರಶ್ನೆ ಬಂದಿತು. ಅದಕ್ಕೆ ಐಒಎಂಎಂಯು ಎಂಬ ಯಂತ್ರಾಂಶ ನಿಜವಾದ ಕಾವಲುಗಾರನಾಯಿತು; ಕರ್ನಲ್ ಒಪ್ಪಿದ ಮೆಮೊರಿ ಪುಟಗಳಾಚೆಗೆ ಸಾಧನ ಕೈ ಹಾಕಿದರೆ ಅದು ತಡೆಯುತ್ತದೆ. ಆದರೂ ಥಂಡರ್‌ಬೋಲ್ಟ್ ಕಿಂಡಿಗೆ ಸಿಕ್ಕಿಸಿದ ಕಪಟ ಸಾಧನವು ಈ ಕಾವಲಿನ ಸಡಿಲುಗಳಲ್ಲಿ ನುಸುಳಬಲ್ಲದೆಂದು 2019ರಲ್ಲಿ ‘ಥಂಡರ್‌ಕ್ಲ್ಯಾಪ್’ ಸಂಶೋಧನೆ ತೋರಿಸಿತು.

ಚಾನೆಲ್ ಹಂಚುವ ಕೆಲಸ ಇಷ್ಟಕ್ಕೇ ಮುಗಿಯಬೇಕಿತ್ತು, ಮುಗಿಯಲಿಲ್ಲ. 2006ರಲ್ಲಿ ಲಿನಕ್ಸ್ 2.6.18ಕ್ಕೆ ‘ಡಿಎಂಎ ಎಂಜಿನ್’ ಎಂಬ ಹೊಸ ಉಪವ್ಯವಸ್ಥೆ ಸೇರಿತು. ಮೊದಲ ಉದ್ದೇಶ, ಇಂಟೆಲ್ ಸರ್ವರ್‌ಗಳಲ್ಲಿ ನೆಟ್‌ವರ್ಕಿನಿಂದ ಬಂದ ದತ್ತಾಂಶವನ್ನು ನಕಲು ಮಾಡುವ ಹೊರೆಯನ್ನು ಪ್ರೊಸೆಸರಿನಿಂದ ಇಳಿಸುವುದು. ಆದರೆ ಅದು ನೆಲೆಯೂರಿದ್ದು ಫೋನು ಮತ್ತು ಚಿಕ್ಕ ಬೋರ್ಡುಗಳ ಎಆರ್‌ಎಂ ಚಿಪ್‌ಗಳಲ್ಲಿ: ಅಲ್ಲಿ ಧ್ವನಿ, ಸೀರಿಯಲ್, ಎಸ್‌ಡಿ ಕಾರ್ಡುಗಳಂಥವು ಮತ್ತೆ ಒಬ್ಬನೇ ನಿಯಂತ್ರಕನ ಕೆಲವೇ ಚಾನೆಲ್‌ಗಳಿಗೆ ಸರದಿ ನಿಂತವು. ಈ ಬಾರಿ ಜಂಪರ್ ಇಲ್ಲ, ಯಾವ ಸಾಧನಕ್ಕೆ ಯಾವ ಕೋರಿಕೆಯ ತಂತಿ ಎಂಬುದು ಡಿವೈಸ್ ಟ್ರೀ ಎಂಬ ವಿವರಣೆಯಲ್ಲಿರುತ್ತದೆ. ಕೋರುವವರು ಹೆಚ್ಚಾಗಿ ಚಾನೆಲ್ ಕಡಿಮೆಯಾದಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರಿನ ಚಾನೆಲ್ ಕೊಟ್ಟು, ಸಾಗಾಟದ ಹೊತ್ತಿಗೆ ಮಾತ್ರ ನಿಜವಾದದ್ದನ್ನು ಜೋಡಿಸುವ ಉಪಾಯವೂ ಇದೆ.

ಆ ವಿದ್ಯಾರ್ಥಿಯ ಬಳಿ ಒಂದು ರಾಸ್ಪ್‌ಬೆರಿ ಪೈ ಕೂಡ ಇತ್ತು. ಅದರಲ್ಲಿ ‘ಸಿಸ್’ ಫೋಲ್ಡರಿನೊಳಗೆ ‘ಕ್ಲಾಸ್’, ಅದರೊಳಗೆ ‘ಡಿಎಂಎ’ ತೆರೆದು ನೋಡು ಎಂದೆ. ಅಲ್ಲಿ ಪ್ರತಿ ಚಾನೆಲ್ಲಿಗೂ ಒಂದೊಂದು ಫೋಲ್ಡರು, ಪ್ರತಿಯೊಂದರಲ್ಲೂ ಅದು ಬಳಕೆಯಲ್ಲಿದೆಯೇ ಎಂದು ತಿಳಿಸುವ ಪುಟ್ಟ ಕಡತವಿದೆ. ಲ್ಯಾಪ್‌ಟಾಪಿನಲ್ಲಿ ನಾಲ್ಕನೆಯ ಖಾನೆ, ಹಿಂದಿನಂತೆಯೇ, ಭರ್ತಿಯಾಗಿದೆ.